ಇಟಲಿಯ ಮಾಂಸವಿಲ್ಲದ ಅಡುಗೆ: ಎಲ್ಲಿ ನಂಬಬಹುದು, ಎಲ್ಲಿ ಕೇಳಬೇಕು

ಪ್ರಶ್ನೆ: ಮಗಳು ಇಟಲಿಯ ಬೊಲೊನ್ಯಾದಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ನಾವಿಬ್ಬರೂ ಹೋಗಿ ಮೂರು ವಾರ ಅವಳ ಜೊತೆ ಇರುತ್ತೇವೆ. ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ. ಬರೀ ಪಿಜ್ಜಾ, ಪಾಸ್ತಾ ತಿಂದು ಎಷ್ಟು ದಿನ ದೂಡುವುದು? ನಮಗೋಸ್ಕರ ಮಾಂಸ ತೆಗೆದು ಕೊಡುವುದಲ್ಲ, ಅಲ್ಲಿಯವರೇ ಹಿಂದಿನಿಂದ ಮಾಂಸವಿಲ್ಲದೆ ಮಾಡಿಕೊಂಡು ಬಂದ ಅಡುಗೆ ಏನೇನಿದೆ? ಮಗಳ ಮನೆಯಲ್ಲಿ ಓವನ್ ಇದೆ, ಮಾಡಿಕೊಳ್ಳಬಹುದು. ಚೀಸಿಗೆ ಕರುವಿನ ಹೊಟ್ಟೆಯದ್ದೇನೋ ಹಾಕುತ್ತಾರಂತೆ, ನಿಜವೇ?

ಉತ್ತರ: ಚೀಸಿನ ಮಾತು ನಿಜ, ಅದನ್ನೇ ಮೊದಲು ಮುಗಿಸೋಣ. ಹಾಲನ್ನು ಹೆಪ್ಪುಗಟ್ಟಿಸಲು ಹಾಕುವ ರೆನೆಟ್ ಎಂಬ ವಸ್ತುವನ್ನು ಸಾಂಪ್ರದಾಯಿಕವಾಗಿ ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರಿನಲ್ಲಿ ಮಾರುವ ಚೀಸಿಗೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬ ನಿಯಮವಿದೆ. ಆದ್ದರಿಂದ ‘ಸಸ್ಯಾಹಾರಿ ಪಾರ್ಮಿಜಾನೊ’ ಎಂಬುದು ಇಲ್ಲವೇ ಇಲ್ಲ. ಗ್ರಾನಾ ಪದಾನೊ ಕೂಡ ಹಾಗೆಯೇ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ತಾಜಾ ಮೊಝರೆಲ್ಲಾದಲ್ಲಿ ಎರಡೂ ಬಗೆ ಸಿಗುತ್ತದೆ. ಲೇಬಲ್ಲಿನಲ್ಲಿ ಸಿ, ಎ, ಜಿ, ಎಲ್, ಐ, ಓ ಅಕ್ಷರಗಳ ಪದ ಹುಡುಕಿ. ‘ಕಾಲ್ಯೊ’ ಎಂದು ಓದುವ ಆ ಪದವೇ ರೆನೆಟ್. ಅದರ ಮುಂದೆ ‘ವೆಜೆತಾಲೆ’ ಅಥವಾ ‘ಮಿಕ್ರೊಬಿಕೊ’ ಎಂದಿದ್ದರೆ ತಿನ್ನಬಹುದು. ಬರೀ ‘ಕಾಲ್ಯೊ’ ಎಂದಿದ್ದರೆ ಪ್ರಾಣಿಮೂಲದ್ದೆಂದೇ ತಿಳಿಯಿರಿ. ನಮ್ಮಲ್ಲಿ ಹಸಿರು ಚುಕ್ಕೆ ನೋಡಿ ಬುಟ್ಟಿಗೆ ಹಾಕಿಕೊಳ್ಳುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ, ಪ್ರತಿ ಪೊಟ್ಟಣವನ್ನೂ ಓದಬೇಕು. ರಿಕೊಟ್ಟಾಗೆ ಬೇರೆ ರೆನೆಟ್ ಹಾಕುವುದಿಲ್ಲ, ಆದರೆ ಅದು ತಯಾರಾಗುವುದು ರೆನೆಟ್ ಹಾಕಿದ ಚೀಸಿನಿಂದ ಬಸಿದ ನೀರನ್ನು ಮತ್ತೆ ಕಾಯಿಸಿ. ಅಷ್ಟು ಕಟ್ಟುನಿಟ್ಟಿನವರಾದರೆ ಅದೂ ಬೇಡ. ಮಸ್ಕರ್ಪೋನೆ ಮಾತ್ರ ಕೆನೆಗೆ ಹುಳಿ ಬೆರೆಸಿ ಮಾಡುವಂಥದ್ದು, ರೆನೆಟ್ಟಿನ ಪ್ರಶ್ನೆ ಬರುವುದಿಲ್ಲ.

ಈಗ ಊಟಕ್ಕೆ ಬರೋಣ. ನೀವು ಹೋಗುತ್ತಿರುವ ಊರು, ಬೇಸರ ಮಾಡಿಕೊಳ್ಳಬೇಡಿ, ಇಟಲಿಯಲ್ಲಿ ಸಸ್ಯಾಹಾರಿಗಳಿಗೆ ಕಷ್ಟದ ಊರುಗಳಲ್ಲಿ ಒಂದು. ಬೊಲೊನ್ಯಾಕ್ಕೆ ಇಟಲಿಯವರೇ ಇಟ್ಟ ಅಡ್ಡಹೆಸರು ‘ಲಾ ಗ್ರಾಸ್ಸಾ’, ಅಂದರೆ ಕೊಬ್ಬಿದವಳು. ಅಲ್ಲಿನ ತಾಜಾ ಪಾಸ್ತಾದ ಹಿಟ್ಟು ಕಲಸುವುದೇ ಮೊಟ್ಟೆಯಲ್ಲಿ. ಬೇಯಿಸುವುದು ಬೆಣ್ಣೆಯಲ್ಲಿ, ಇಲ್ಲವೇ ಹಂದಿ ಕೊಬ್ಬಿನಲ್ಲಿ. ಆ ಕೊಬ್ಬಿಗೆ ‘ಸ್ತ್ರುತ್ತೊ’ ಎನ್ನುತ್ತಾರೆ, ಈ ಪದವನ್ನು ಬಾಯಿಪಾಠ ಮಾಡಿಕೊಳ್ಳಿ. ಚಪಾತಿಯಂತೆ ಕಾಣುವ ಪಿಯದೀನಾ, ಪುಟ್ಟ ದುಂಡು ರೊಟ್ಟಿ ತಿಜೆಲ್ಲೆ, ಪೂರಿಯಂತೆ ಉಬ್ಬುವ ನ್ಯೊಕ್ಕೊ ಫ್ರಿತ್ತೊ, ಫೆರಾರಾದ ತಿರುಚಿದ ಬ್ರೆಡ್ಡು, ಇವೆಲ್ಲ ಬರೀ ಮೈದಾ ಅಂದುಕೊಂಡು ತಿಂದರೆ ಒಳಗೆ ಸ್ತ್ರುತ್ತೊ ಇರುತ್ತದೆ. ಈಗ ಆಲಿವ್ ಎಣ್ಣೆ ಹಾಕಿದ ಪಿಯದೀನಾವೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಈರುಳ್ಳಿ ಟೊಮೆಟೊವನ್ನು ಗಂಟೆಗಟ್ಟಲೆ ಬೇಯಿಸಿ ಮಾಡುವ ಬೊಲೊನ್ಯಾದ ಗೊಜ್ಜು ‘ಫ್ರಿಜ್ಜೋನೆ’ ನೋಡಲು ಅಪ್ಪಟ ಸಸ್ಯಾಹಾರ, ಹಳೆಯ ಕ್ರಮದಲ್ಲಿ ಅದಕ್ಕೂ ಹಂದಿ ಕೊಬ್ಬೇ. ಮನೆಯಲ್ಲಿ ಆಲಿವ್ ಎಣ್ಣೆ ಹಾಕಿ ಮಾಡಿಕೊಂಡರೆ ಬ್ರೆಡ್ಡಿಗೆ ಚೆನ್ನಾಗಿರುತ್ತದೆ.

ಇಟಲಿಯ ಅಡುಗೆಯನ್ನು ಪದಾರ್ಥದಿಂದ ಅಳೆಯುವ ಬದಲು ಜಿಡ್ಡಿನಿಂದ ಅಳೆದರೆ ನಿಮ್ಮ ಕೆಲಸ ಹಗುರ. ಬೆಣ್ಣೆ, ಹಂದಿ ಕೊಬ್ಬಿನ ಉತ್ತರ ಬಯಲಿನಲ್ಲಿ ಅನುಮಾನವಿರಲಿ. ಆಲಿವ್ ಎಣ್ಣೆಯ ಸೀಮೆಗಳಾದ ಲಿಗೂರಿಯಾ, ಟಸ್ಕನಿ, ಪುಲ್ಯಾ, ಸಿಸಿಲಿಗಳಲ್ಲಿ ಬಡವರು ವಾರಪೂರ್ತಿ ಕಾಳು, ಸೊಪ್ಪು, ಹಳೆಯ ಒಣ ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಂಡವರು. ಟಸ್ಕನಿಯವರನ್ನು ಉಳಿದವರು ‘ಹುರುಳಿಕಾಯಿ ಕಾಳು ತಿನ್ನುವವರು’ ಎಂದೇ ಛೇಡಿಸುತ್ತಿದ್ದರು. ನೀವು ಕೇಳುತ್ತಿರುವ ‘ಹಿಂದಿನಿಂದ ಬಂದ’ ಅಡುಗೆ ಇರುವುದು ಅಲ್ಲಿ. ಬೊಲೊನ್ಯಾದಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಸುಮಾರು 40 ನಿಮಿಷ ಅಷ್ಟೇ.

ಇನ್ನೊಂದು ಮೂಲ ಚರ್ಚಿನ ಉಪವಾಸದ ಕಟ್ಟಳೆ. ಶುಕ್ರವಾರ, ಈಸ್ಟರಿನ ಮುಂಚಿನ ನಲವತ್ತು ದಿನ, ಕ್ರಿಸ್‌ಮಸ್ ಹಿಂದಿನ ದಿನ ಮಾಂಸ ವರ್ಜ್ಯವಾಗಿತ್ತು. ಅಂಥ ಅಡುಗೆಗೆ ‘ದಿ ಮಾಗ್ರೊ’ ಎನ್ನುತ್ತಾರೆ. ಮೆನುವಿನಲ್ಲಿ ‘ತೊರ್ತೆಲ್ಲಿ ದಿ ಮಾಗ್ರೊ’ ಕಂಡರೆ ಒಳಗೆ ರಿಕೊಟ್ಟಾ, ಪಾಲಕ್ ಇರುತ್ತದೆ, ಹೊದಿಕೆಯಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಆದರೆ ಆ ಕಟ್ಟಳೆಯಲ್ಲಿ ಮೀನು ಮಾಂಸವಲ್ಲ! ಹಾಗಾಗಿ ತರಕಾರಿ ಅಡುಗೆಗೂ ಆಂಚೊವಿ ಎಂಬ ಉಪ್ಪು ಹಾಕಿದ ಸಣ್ಣ ಮೀನು ನುಸುಳಿಬಿಡುತ್ತದೆ. ಎಣ್ಣೆಯಲ್ಲಿ ಹಾಕಿ ತಿರುವಿದರೆ ಅದು ಕರಗಿಯೇ ಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಪುಲ್ಯಾದ ಬಾರಿ ಊರಿನ ಪ್ರಸಿದ್ಧ ಸೊಪ್ಪಿನ ಪಾಸ್ತಾ ಒರೆಕ್ಯೆತ್ತೆ, ರೋಮ್‌ನ ಕಡಲೆಕಾಳಿನ ಪಾಸ್ತಾ ಎರಡಕ್ಕೂ ಆಂಚೊವಿ ಹಾಕುವುದು ವಾಡಿಕೆ. ‘ಅಚ್ಚೂಗೆ?’ ಎಂದು ಕೇಳಿ, ಇದ್ದರೆ ಬೇಡವೆನ್ನಿ. ಮಿಲಾನಿನ ಕೇಸರಿ ರಿಸೊಟ್ಟೊ (ಸಾರಿನಲ್ಲಿ ಮೆತ್ತಗೆ ಬೇಯಿಸಿದ ಅನ್ನ) ಇನ್ನೊಂದು ಬಲೆ. ಬಣ್ಣ ನೋಡಿ ಕೇಸರಿಭಾತಿನ ನೆನಪಾದೀತು, ಅದು ಬೇಯುವುದು ಮಾಂಸದ ಸಾರಿನಲ್ಲಿ, ಮೂಲ ಕ್ರಮದಲ್ಲಿ ದನದ ಮೂಳೆಯ ಮಜ್ಜೆಯೂ ಬೀಳುತ್ತದೆ. ಹೋಟೆಲಿನ ಯಾವುದೇ ರಿಸೊಟ್ಟೊ, ಸೂಪು ತರಿಸುವ ಮುಂಚೆ ‘ಚೆ ಬ್ರೋದೊ ದಿ ಕಾರ್ನೆ?’ (ಮಾಂಸದ ಸಾರು ಇದೆಯೇ?) ಎಂದು ಕೇಳುವುದು ಕ್ಷೇಮ. ‘ಸಸ್ಯಾಹಾರಿ’ ಎಂದು ಹೇಳಿದ ಮಾತ್ರಕ್ಕೆ ಸಾರಿನ ವಿಷಯ ಎಲ್ಲರಿಗೂ ಹೊಳೆಯುವುದಿಲ್ಲ.

ಹೆಸರು ಹೆದರಿಸುವ, ಒಳಗೆ ಏನೂ ಇಲ್ಲದ ತಿನಿಸುಗಳೂ ಇವೆ. ‘ಮಾರಿನಾರಾ’ ಪಿಜ್ಜಾದ ಹೆಸರಿನಲ್ಲಿ ಕಡಲಿದೆ, ಮೇಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಚೀಸೂ ಇಲ್ಲವಾದ್ದರಿಂದ ನಿಮಗೆ ಮಾರ್ಗರೀತಾಗಿಂತ ಇದೇ ನಿಶ್ಚಿಂತೆ. ಟಸ್ಕನಿಯ ‘ಫಜೋಲಿ ಆಲ್ಲುಚ್ಚೆಲ್ಲೆತ್ತೊ’ ಹೆಸರಿನಲ್ಲಿ ಪುಟ್ಟ ಹಕ್ಕಿ ಇದೆ, ತಟ್ಟೆಯಲ್ಲಿರುವುದು ಟೊಮೆಟೊ, ಸೇಜ್ ಎಲೆಗಳ ಜೊತೆ ಬೆಂದ ಬಿಳಿ ಕಾಳು.

ಮನೆಯಲ್ಲಿ ಮೊದಲು ಮಾಡಬೇಕಾದ್ದು ಟಸ್ಕನಿಯ ‘ಪಾಪ್ಪಾ ಅಲ್ ಪೊಮೊದೊರೊ’, ಹಳೆಯ ಬ್ರೆಡ್ಡು ಟೊಮೆಟೊದ ಗಟ್ಟಿ ಅಂಬಲಿ. ನಾಲ್ವರಿಗೆ ಎರಡು ಮೂರು ದಿನದ ಹಿಂದಿನ ಬ್ರೆಡ್ 300 ಗ್ರಾಂ, ಸಿಪ್ಪೆ ಸುಲಿದ ಟೊಮೆಟೊದ ಡಬ್ಬಿ 800 ಗ್ರಾಂ (ಮೇನಲ್ಲಿ ತಾಜಾ ಹಣ್ಣಿನ ಪೂರ್ತಿ ಸುಗ್ಗಿ ಇನ್ನೂ ಬಂದಿರುವುದಿಲ್ಲ, ಡಬ್ಬಿಯೇ ಮೇಲು), ಬೆಳ್ಳುಳ್ಳಿ 3 ಎಸಳು, ಆಲಿವ್ ಎಣ್ಣೆ 80 ಮಿಲಿ, ಒಂದು ಹಿಡಿ ತುಳಸಿಯಂಥ ಬೇಸಿಲ್, ಬಿಸಿನೀರು ಸುಮಾರು 600 ಮಿಲಿ. ಮುಕ್ಕಾಲು ಪಾಲು ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಇಡಿ. ನಮ್ಮ ಒಗ್ಗರಣೆಯ ಕೈ ಇಲ್ಲಿ ಅಡ್ಡಬರುತ್ತದೆ: ಬೆಳ್ಳುಳ್ಳಿ ಕೆಂಪಗಾಗುವವರೆಗೆ ಕಾದರೆ ಇಡೀ ಪಾತ್ರೆ ಕಹಿ. ಅದು ಇನ್ನೂ ಬೆಳ್ಳಗಿರುವಾಗಲೇ ಟೊಮೆಟೊ ಹಿಸುಕಿ ಹಾಕಿ, 15 ನಿಮಿಷ ಕುದಿಸಿ. ಬ್ರೆಡ್ಡನ್ನು ಮುರಿದು ಹಾಕಿ, ಮುಳುಗುವಷ್ಟು ಬಿಸಿನೀರು ಹೊಯ್ದು, ಉಪ್ಪು ಹಾಕಿ, 10 ನಿಮಿಷದ ಮೇಲೆ ಉರಿ ಆರಿಸಿ. ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಮರದ ಸೌಟಿನಿಂದ ಚೆನ್ನಾಗಿ ಕಡೆದರೆ ಬ್ರೆಡ್ಡು ತನ್ನ ಆಕಾರ ಬಿಟ್ಟು ಒಂದೇ ಮೈಯಾಗುತ್ತದೆ. ಬೇಸಿಲ್ ಹರಿದು ಹಾಕಿ, ಉಳಿದ ಹಸಿ ಎಣ್ಣೆ ಮೇಲೆ ಸುರಿದು, ಉಗುರುಬೆಚ್ಚಗೆ ತಿನ್ನಿ. ಬಹುತೇಕ ಕೆಡುವುದು ಬ್ರೆಡ್ಡಿನ ಆಯ್ಕೆಯಲ್ಲಿ. ಸ್ಯಾಂಡ್‌ವಿಚ್ಚಿನ ಮೆತ್ತನೆ ಬ್ರೆಡ್ಡು ಹಾಕಿದರೆ ಅಂಟಿನ ಮುದ್ದೆಯಾಗುತ್ತದೆ. ಬೊಲೊನ್ಯಾದ ಅಂಗಡಿಯಲ್ಲಿ ‘ಪಾನೆ ತೊಸ್ಕಾನೊ’ ಕೇಳಿ. ಅದು ಹುಳಿಹಿಟ್ಟಿನದು, ಉಪ್ಪೇ ಹಾಕದ್ದು, ಕೊಬ್ಬೂ ಇಲ್ಲ. ಇದೇ ಬ್ರೆಡ್ಡು ನೆನೆಸಿ ಹಿಂಡಿ, ಹಸಿ ಟೊಮೆಟೊ, ಈರುಳ್ಳಿ, ಸೌತೆಕಾಯಿ, ವಿನೆಗರ್ ಕಲಸಿದರೆ ಬೇಸಿಗೆಯ ‘ಪಾನ್ಝನೆಲ್ಲಾ’. ಬಿಳಿ ಕಾಳು, ಕಪ್ಪು ಕೋಸಿನ ಸೊಪ್ಪಿನ ಜೊತೆ ಕುದಿಸಿ ಮಾರನೆ ದಿನ ಮತ್ತೆ ಕುದಿಸಿದರೆ ‘ರಿಬೊಲ್ಲೀತಾ’. ಹೋಟೆಲಿನಲ್ಲಿ ರಿಬೊಲ್ಲೀತಾ ತರಿಸಿದರೆ ಹಂದಿಮಾಂಸದ ತುಂಡು ಹಾಕಿ ಬೇಯಿಸಿದ್ದಾರೆಯೇ ಎಂದು ಕೇಳಿಯೇ ತಿನ್ನಿ.

ಕಡಲೆ ಹಿಟ್ಟಿನ ವಿಷಯಕ್ಕೆ ಬಂದರೆ ಇಟಲಿ ನಿಮಗೆ ಪರದೇಶ ಅನ್ನಿಸುವುದಿಲ್ಲ. ಜಿನೋವಾದಲ್ಲಿ ‘ಫಾರಿನಾತಾ’, ಪೀಸಾದಲ್ಲಿ ‘ಚೆಚೀನಾ’, ಸಿಸಿಲಿಯ ಪಲೆರ್ಮೊದಲ್ಲಿ ‘ಪಾನೆಲ್ಲೆ’. ಮೂರಕ್ಕೂ ಅಳತೆ ಹೆಚ್ಚುಕಡಿಮೆ ಒಂದೇ, ತೂಕದಲ್ಲಿ ಒಂದು ಪಾಲು ಹಿಟ್ಟಿಗೆ ಮೂರು ಪಾಲು ನೀರು. ಫಾರಿನಾತಾಗೆ ಹಿಟ್ಟು 250 ಗ್ರಾಂ, ನೀರು 750 ಮಿಲಿ, ಉಪ್ಪು 8 ಗ್ರಾಂ, ಎಣ್ಣೆ 70 ಮಿಲಿ. ಹಿಟ್ಟಿಗೆ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಒಮ್ಮೆಲೇ ಸುರಿದರೆ ಗಂಟು ಬಿಡಿಸುವುದೇ ಕೆಲಸ. ಕನಿಷ್ಠ 5 ಗಂಟೆ, ಸಾಧ್ಯವಾದರೆ ರಾತ್ರಿಯೆಲ್ಲ ನೆನೆಯಲು ಬಿಡಿ. ಇದನ್ನು ಅವಸರಿಸಿದರೆ ಹಸಿ ಹಿಟ್ಟಿನ ವಾಸನೆ ಹೋಗುವುದಿಲ್ಲ, ನಾಲಿಗೆಗೆ ಮರಳು ಮರಳು ಎನ್ನಿಸುತ್ತದೆ. ಮೇಲೆ ಕಟ್ಟಿದ ನೊರೆಯನ್ನು ಸೌಟಿನಿಂದ ತೆಗೆದುಬಿಡಿ, ಇಲ್ಲವಾದರೆ ಅದು ಓವನ್ನಿನಲ್ಲಿ ಮೊದಲು ಸುಟ್ಟು ಕಹಿ ತರುತ್ತದೆ. ಓವನ್ನನ್ನು 250 ಡಿಗ್ರಿಗೆ ಏರಿಸಿ, ತಟ್ಟೆಯನ್ನೂ ಒಳಗಿಟ್ಟು ಕಾಯಿಸಿ. ಜಿನೋವಾದಲ್ಲಿ ಕಲಾಯಿ ಹಾಕಿದ ಅಗಲ ತಾಮ್ರದ ತಟ್ಟೆ, ಸೌದೆ ಒಲೆ. ಮನೆಯಲ್ಲಿ 32 ಸೆಂಟಿಮೀಟರಿನ ಎರಡು ಕಬ್ಬಿಣದ ಪಿಜ್ಜಾ ತಟ್ಟೆ ಸಾಕು. ಕಾದ ತಟ್ಟೆಗೆ ಮೊದಲು ಎಣ್ಣೆ, ಅದರ ಮೇಲೆ ಹಿಟ್ಟು. ಸೌಟಿನ ಬೆನ್ನಿಂದ ಮೆಲ್ಲಗೆ ಆಡಿಸಿದರೆ ಎಣ್ಣೆ ಮೇಲೆದ್ದು ಚುಕ್ಕೆ ಚುಕ್ಕೆಯಾಗಿ ಹರಡುತ್ತದೆ, ಮೇಲ್ಮೈ ಗರಿಯಾಗುವುದು ಅದರಿಂದಲೇ. ಹಿಟ್ಟು ಅರ್ಧ ಸೆಂಟಿಮೀಟರಿಗಿಂತ ದಪ್ಪ ನಿಲ್ಲಬಾರದು, ನಿಂತರೆ ಒಳಗೆ ಕಡುಬಿನ ಹಾಗೆ ಉಳಿಯುತ್ತದೆ. ಕೆಳಗಿನ ಅರೆಯಲ್ಲಿ 10 ನಿಮಿಷ, ಆಮೇಲೆ ಮೇಲಿನ ಅರೆಯಲ್ಲಿ ಕಂದು ಕಲೆಗಳು ಬರುವವರೆಗೆ. ಕರಿಮೆಣಸು ಕುಟ್ಟಿ ಉದುರಿಸಿ ಬಿಸಿಯಾಗಿ ತಿನ್ನಿ, ಆರಿದರೆ ಅದು ಬೇರೆಯೇ ತಿಂಡಿ. ಊರಿಗೆ ಬಂದ ಮೇಲೆ ಮಾಡುವುದಾದರೆ ಒಂದು ಮಾತು: ಅಲ್ಲಿನ ಹಿಟ್ಟು ಕಾಬೂಲಿ ಕಡಲೆಯದು, ನಮ್ಮದು ಕಡಲೆಬೇಳೆಯದು, ಇನ್ನೂ ನುಣುಪು. ನೀರನ್ನು ಒಂದು ಹಿಡಿ ಕಡಿಮೆ ಮಾಡಿ ನೋಡಿ.

ಪಾನೆಲ್ಲೆಗೆ ಅದೇ ಹಿಟ್ಟು ನೀರನ್ನು ಒಲೆಯ ಮೇಲೆ ಬೇಯಿಸಬೇಕು, ಎಣ್ಣೆ ಸೇರಿಸುವಂತಿಲ್ಲ. ಉತ್ತರ ಕರ್ನಾಟಕದಲ್ಲಿ ಜುಣಕದ ವಡಿ ಮಾಡಿ ಗೊತ್ತಿದ್ದವರಿಗೆ ಹೇಳಿಕೊಡುವಂಥದ್ದೇನಿಲ್ಲ. ಕೈಬಿಡದೆ 15–20 ನಿಮಿಷ ತೊಳಸಿ, ಮುದ್ದೆ ಪಾತ್ರೆಯ ಅಂಚು ಬಿಟ್ಟಾಗ ಹೆಚ್ಚಿದ ಪಾರ್ಸ್ಲಿ ಸೇರಿಸಿ, ಎಣ್ಣೆ ಸವರಿದ ತಟ್ಟೆಯ ಮೇಲೆ 3–4 ಮಿಲಿಮೀಟರ್ ತೆಳ್ಳಗೆ ಸವರಿಬಿಡಿ. ಇಲ್ಲಿ ಫೋನು ಬಂದರೂ ಎತ್ತಬೇಡಿ. ಎರಡು ನಿಮಿಷ ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಆರಿದ ಮೇಲೆ ತುಂಡು ಮಾಡಿ ಕಾದ ಎಣ್ಣೆಯಲ್ಲಿ ಕರಿಯಿರಿ. ಎಣ್ಣೆಗೆ ಬಿದ್ದ ತಕ್ಷಣ ಬಿರುಕು ಬಿಟ್ಟರೆ ಹಿಟ್ಟು ಸಾಕಷ್ಟು ಬೆಂದಿಲ್ಲ ಎಂದರ್ಥ. ಪಲೆರ್ಮೊದಲ್ಲಿ ಎಳ್ಳಿನ ಬನ್ನಿನೊಳಗೆ ಇಟ್ಟು, ನಿಂಬೆ ಹಿಂಡಿ ಬೀದಿಯಲ್ಲಿ ಮಾರುತ್ತಾರೆ. ಬನ್ನಿನಲ್ಲಿ ಸ್ತ್ರುತ್ತೊ ಇಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಪುಲ್ಯಾದ ‘ಫಾವೆ ಎ ಚಿಕೋರಿಯಾ’ ನನ್ನ ಪ್ರಕಾರ ಇಟಲಿಯ ಸಸ್ಯಾಹಾರದ ತಲೆಯ ಮೇಲಿನ ಕಿರೀಟ. ಅದರಲ್ಲಿ ಇರುವುದು ಎರಡೇ, ಒಂದು ಸಿಹಿ, ಇನ್ನೊಂದು ಕಹಿ. ಆದರೆ ಅದಕ್ಕೂ ಮುಂಚೆ ಎಚ್ಚರಿಕೆ: ಮನೆಯಲ್ಲಿ ಯಾರಿಗಾದರೂ ‘ಜಿ6ಪಿಡಿ’ ಎಂಬ ಕಿಣ್ವದ ಹುಟ್ಟು ಕೊರತೆ ಇದ್ದರೆ ಇದಕ್ಕೆ ಹಾಕುವ ಫಾವಾ ಕಾಳು (ಬ್ರಾಡ್ ಬೀನ್) ಮುಟ್ಟಲೇಬಾರದು. ರಕ್ತದ ಕೆಂಪುಕಣಗಳು ಒಡೆದು ಜೀವಕ್ಕೇ ಅಪಾಯ. ಇಟಲಿಯ ದಕ್ಷಿಣದಲ್ಲೂ ಸಾರ್ಡಿನಿಯಾದಲ್ಲೂ ಇದು ಮನೆಮನೆಗೆ ಗೊತ್ತಿರುವ ಸಂಗತಿ. ಭಾರತದಲ್ಲೂ ಈ ಕೊರತೆ ಇರುವವರಿದ್ದಾರೆ. ಅಂಥ ಇತಿಹಾಸವಿಲ್ಲದಿದ್ದರೆ ಸಿಪ್ಪೆ ತೆಗೆದ ಒಣ ಫಾವಾ 400 ಗ್ರಾಂ ತಂದು ರಾತ್ರಿ ನೆನೆಸಿ. ಒಂದು ಸಣ್ಣ ಆಲೂಗಡ್ಡೆ ಹೆಚ್ಚಿ ಹಾಕಿ, ಕಾಳಿನ ಮೇಲೆ ಎರಡು ಬೆರಳು ನಿಲ್ಲುವಷ್ಟು ನೀರಿಟ್ಟು, ಸಣ್ಣ ಉರಿಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಯಿಸಿ. ನೊರೆ ತೆಗೆಯುತ್ತಿರಿ. ಸೌಟು ಹಾಕಿ ಕಲಕಿದರೆ ಅರೆಬೆಂದ ಕಾಳು ತಳ ಹಿಡಿಯುತ್ತದೆ, ಅದಕ್ಕೆ ಅಲ್ಲಿನ ಹೆಂಗಸರು ಮಣ್ಣಿನ ಮಡಕೆಯ ಕಿವಿ ಹಿಡಿದು ಅಲುಗಾಡಿಸುತ್ತಾರೆ. ಕಾಳು ತಾನಾಗಿ ಕುಸಿದ ಮೇಲೆ ಉಪ್ಪು, 70 ಮಿಲಿ ಆಲಿವ್ ಎಣ್ಣೆ ಹಾಕಿ ಮರದ ಸೌಟಿನಿಂದ ಕಡೆಯಿರಿ. ನೆಲ್ಲಿಕಾಯಿ ಬಣ್ಣದ ಮೃದು ಹಿಟ್ಟಾಗುತ್ತದೆ. ಮಿಕ್ಸಿಗೆ ಹಾಕಿದರೆ ಅಂಟಾಗುತ್ತದೆ, ಹಾಕಬೇಡಿ. ಜೊತೆಗೆ ಚಿಕೋರಿ ಸೊಪ್ಪು ಒಂದು ಕಿಲೋ, ಉಪ್ಪುನೀರಿನಲ್ಲಿ 10 ನಿಮಿಷ ಬೇಯಿಸಿ, ಹಿಂಡಿ, ಎಣ್ಣೆ ಹಾಕಿ ಪಕ್ಕದಲ್ಲಿಡಿ. ನಮ್ಮ ಫಿಲ್ಟರ್ ಕಾಫಿಪುಡಿಗೆ ಬೆರೆಸುವ ಚಿಕೋರಿ ಇದೇ ಜಾತಿಯ ಗಿಡದ ಬೇರು. ಅಲ್ಲಿನವರು ಎಲೆ ತಿನ್ನುತ್ತಾರೆ, ನಾವು ಬೇರು ಕುಡಿಯುತ್ತೇವೆ. ಕಹಿ ತಡೆಯದಿದ್ದರೆ ಬೇಯಿಸಿದ ನೀರನ್ನು ಒಮ್ಮೆ ಬದಲಿಸಿ, ಎರಡನೆಯ ಬಾರಿ ಬೇಡ.

ಸಿಸಿಲಿಯ ‘ಕಪೊನಾತಾ’ ಬದನೆಕಾಯಿಯ ಹುಳಿಸಿಹಿ ಗೊಜ್ಜು. ಬದನೆ ಒಂದು ಕಿಲೋ, ಸೆಲರಿ 300 ಗ್ರಾಂ, ಈರುಳ್ಳಿ ಒಂದು, ಹಸಿರು ಆಲಿವ್ 120 ಗ್ರಾಂ, ಉಪ್ಪಿನಲ್ಲಿಟ್ಟ ಕೇಪರ್ಸ್ (ಒಂದು ಗಿಡದ ಹೂಮೊಗ್ಗು) 30 ಗ್ರಾಂ, ಟೊಮೆಟೊ ರಸ 200 ಗ್ರಾಂ, ಬಿಳಿ ವಿನೆಗರ್ 60 ಮಿಲಿ, ಸಕ್ಕರೆ 30 ಗ್ರಾಂ. ಕೇಪರ್ಸಿನ ಉಪ್ಪು ತೊಳೆದು ನೀರಲ್ಲಿಡಿ, ಮರೆತರೆ ಇಡೀ ಗೊಜ್ಜು ಉಪ್ಪುಮಯ. ಬದನೆ ಹೋಳಿಗೆ ಉಪ್ಪು ಹಚ್ಚಿ ಒಂದು ಗಂಟೆ ಇಟ್ಟು ಹಿಂಡಿದರೆ ನೀರು ಬಿಟ್ಟು ಎಣ್ಣೆ ಕಡಿಮೆ ಕುಡಿಯುತ್ತದೆ. ಕಹಿ ತೆಗೆಯಲು ಎಂಬುದು ಹಳೆಯ ಕಾರಣ, ಈಗಿನ ಬದನೆಯಲ್ಲಿ ಕಹಿಯೇ ಕಡಿಮೆ. ಚೆನ್ನಾಗಿ ಕಾದ ಎಣ್ಣೆಯಲ್ಲಿ ಸ್ವಲ್ಪ ಸ್ವಲ್ಪವೇ ಕರಿಯಿರಿ, ಒಟ್ಟಿಗೆ ಸುರಿದರೆ ಎಣ್ಣೆ ತಣಿದು ಹೋಳುಗಳು ಸ್ಪಂಜಾಗುತ್ತವೆ. ಸೆಲರಿಯನ್ನು 3 ನಿಮಿಷ ಕುದಿಸಿ ಬಸಿಯಿರಿ, ಕಡಿದಾಗ ಕರಕರ ಉಳಿಯಬೇಕು. ಈರುಳ್ಳಿ ಬಾಡಿಸಿ, ಟೊಮೆಟೊ ರಸ ಹಾಕಿ 10 ನಿಮಿಷ ಕುದಿಸಿ, ಆಲಿವ್, ಕೇಪರ್ಸ್, ಸೆಲರಿ, ಕೊನೆಯಲ್ಲಿ ಬದನೆ. ಸಕ್ಕರೆ ಕರಗಿಸಿದ ವಿನೆಗರನ್ನು ಸುರಿದು ಜೋರು ಉರಿಯಲ್ಲಿ ಎರಡು ನಿಮಿಷ, ಮುಗಿಯಿತು. ಆಗ ರುಚಿ ನೋಡಿ ‘ಬರೀ ಹುಳಿ’ ಎಂದು ಸಕ್ಕರೆ ಸೇರಿಸಬೇಡಿ. ಬಿಸಿಯಲ್ಲಿ ವಿನೆಗರ್ ಮೂಗಿಗೆ ಹೊಡೆಯುತ್ತದೆ, ಮಾರನೆ ದಿನಕ್ಕೆ ತಣ್ಣಗಾಗಿ ಎಲ್ಲ ಹೊಂದಿಕೊಳ್ಳುತ್ತದೆ.

ಪಾಸ್ತಾದ ಬಗ್ಗೆ ಒಂದು ಸಮಾಧಾನ: ಒಣ ಪಾಸ್ತಾವನ್ನು ಗಡುಸು ಗೋಧಿಯ ರವೆ ಮತ್ತು ನೀರಿನಿಂದಷ್ಟೇ ಮಾಡಬೇಕೆಂಬ ಕಾನೂನು ಇಟಲಿಯಲ್ಲಿ 1967ರಿಂದ ಇದೆ. ಮೊಟ್ಟೆ ಹಾಕಿದ್ದಾದರೆ ಪೊಟ್ಟಣದ ಮೇಲೆ ‘ಆಲ್ಲುವೊವೊ’ ಎಂದು ಬರೆದಿರಲೇಬೇಕು. ಚೀಸ್ ಇಲ್ಲದೆ ಪಾಸ್ತಾ ಹೇಗೆ ಎನ್ನುವ ಚಿಂತೆಯೂ ಬೇಡ. ಚೀಸ್ ಕೊಳ್ಳಲು ದುಡ್ಡಿಲ್ಲದ ದಕ್ಷಿಣದವರು ಅದರ ಬದಲಿಗೆ ಹುರಿದ ಬ್ರೆಡ್ ತರಿ ಉದುರಿಸುತ್ತಿದ್ದರು, ಇವತ್ತಿಗೂ ಉದುರಿಸುತ್ತಾರೆ. ನಾಲ್ವರಿಗೆ 60 ಗ್ರಾಂ ಒರಟು ತರಿಯನ್ನು ಎರಡು ಚಮಚ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದಿಟ್ಟುಕೊಳ್ಳಿ. 400 ಗ್ರಾಂ ಸ್ಪಗೆಟ್ಟಿಯನ್ನು 4 ಲೀಟರ್ ನೀರಿಗೆ 40 ಗ್ರಾಂ ಉಪ್ಪು ಹಾಕಿ ಬೇಯಿಸಿ, ನೀರಿಗೆ ಎಣ್ಣೆ ಹಾಕಬೇಡಿ, ಹಾಕಿದರೆ ಎಳೆಗೆ ಒಗ್ಗರಣೆ ಹತ್ತುವುದಿಲ್ಲ. 90 ಮಿಲಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಬಿಸಿ ಮಾಡಿ. ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಎರಡು ನಿಮಿಷ ಮುಂಚೆ ಸ್ಪಗೆಟ್ಟಿಯನ್ನೆತ್ತಿ ಆ ಬಾಣಲೆಗೆ ಹಾಕಿ, ಬೆಂದ ನೀರು ಒಂದು ಸೌಟು ಸೇರಿಸಿ ಜೋರಾಗಿ ತಿರುವಿ. ನೀರಿನ ಗಂಜಿಯೂ ಎಣ್ಣೆಯೂ ಬೆರೆತು ತೆಳ್ಳನೆ ಕೆನೆಯಾಗಬೇಕು. ತಟ್ಟೆಯ ತಳದಲ್ಲಿ ಎಣ್ಣೆ ಬೇರೆಯಾಗಿ ನಿಂತರೆ ನೀರು ಸಾಲಲಿಲ್ಲ ಎಂದೇ ಅರ್ಥ. ತರಿಯನ್ನು ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ, ಬಾಣಲೆಯಲ್ಲೇ ಹಾಕಿದರೆ ಮೆತ್ತಗಾಗುತ್ತದೆ.

ಕತಾನಿಯಾದ ಬದನೆಕಾಯಿ ಪಾಸ್ತಾ ‘ಆಲ್ಲಾ ನೊರ್ಮಾ’ಗೂ ಈ ತರಿ ನಡೆಯುತ್ತದೆ, ಮೂಲದಲ್ಲಿ ಅದಕ್ಕೆ ಉಪ್ಪು ರಿಕೊಟ್ಟಾ. ಜಿನೋವಾದ ಬೇಸಿಲ್ ಚಟ್ನಿ ಪೆಸ್ತೊದಲ್ಲಿ ಮಾತ್ರ ಪಾರ್ಮಿಜಾನೊ, ಪೆಕೊರಿನೊ ಎರಡೂ ಇರುವುದರಿಂದ ಅಂಗಡಿಯ ಸೀಸೆ ಬಿಟ್ಟು, ಆ ಚೀಸುಗಳನ್ನು ಹಾಕದೆ ಮನೆಯಲ್ಲೇ ಅರೆಯಿರಿ.

ಸಿಹಿಯಲ್ಲಿ ತಿರಮಿಸು ಹಸಿ ಮೊಟ್ಟೆಯದು. ಪಾನ್ನಾ ಕೊತ್ತಾ ಹಾಲು ಕೆನೆಯ ಪಾಯಸದಂತೆ ಕಂಡರೂ ಗಟ್ಟಿಯಾಗುವುದು ಜೆಲಟಿನ್‌ನಿಂದ, ಅದು ಪ್ರಾಣಿಗಳದ್ದು. ಐಸ್‌ಕ್ರೀಮ್ ಅಂಗಡಿಯಲ್ಲಿ ಹಣ್ಣಿನ ಬಗೆಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ‘ಸೆನ್ಝಾ ಉವೊವಾ?’ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಸಿಸಿಲಿಯ ನಿಂಬೆ ಗ್ರನೀತಾ ಅಂತೂ ಮನೆಯಲ್ಲೇ ಆಗುತ್ತದೆ: ಅರ್ಧ ಲೀಟರ್ ನೀರಿನಲ್ಲಿ 125 ಗ್ರಾಂ ಸಕ್ಕರೆ ಕರಗಿಸಿ ಆರಿಸಿ, 125 ಮಿಲಿ ನಿಂಬೆರಸ ಬೆರೆಸಿ, ಅಗಲ ಪಾತ್ರೆಯಲ್ಲಿ ಫ್ರೀಜರಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆರೆಯುತ್ತಿರಿ. ಸಕ್ಕರೆ ಕಡಿಮೆ ಮಾಡಿದರೆ ಕಲ್ಲಾಗುತ್ತದೆ, ಜಾಸ್ತಿ ಮಾಡಿದರೆ ಗಟ್ಟಿಯಾಗುವುದೇ ಇಲ್ಲ.